ಮತಪೆಟ್ಟಿಗೆಯಿಂದ ಕಾನೂನಿನವರೆಗೆ

2020ರ ನವೆಂಬರ್ ಚುನಾವಣೆಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಮತದಾರರು ಒಂದೇ ಮತಪತ್ರದಲ್ಲಿ ಎರಡು ತೀರ್ಪು ಬರೆದರು. ಅಧ್ಯಕ್ಷ ಸ್ಥಾನಕ್ಕೆ ಅವರು ಆರಿಸಿದ್ದು ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರನ್ನು. ಅವರಿಗೆ ಬಿದ್ದದ್ದು ಶೇ 51ರಷ್ಟು ಮತ. ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ಕೂಲಿಕಾರರ ಕನಿಷ್ಠ ವೇತನವನ್ನು ಹಂತಹಂತವಾಗಿ ಗಂಟೆಗೆ 15 ಡಾಲರ್‌ಗೆ ಏರಿಸಬೇಕೇ? ರಿಪಬ್ಲಿಕನ್ ನಾಯಕರು ವಾಷಿಂಗ್ಟನ್ನಿನಲ್ಲಿ ವರ್ಷಗಳಿಂದ ತಡೆದು ನಿಲ್ಲಿಸಿದ್ದ ಬೇಡಿಕೆ ಅದು. ಮತ ಹಾಕಿದವರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಏರಿಸಬೇಕು ಎಂದರು. ನಾಲ್ಕು ವರ್ಷಗಳ ನಂತರ ಮಿಸೌರಿ ರಾಜ್ಯದಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಅಲ್ಲಿ ಟ್ರಂಪ್ ಅವರಿಗೂ ಸುಮಾರು ಶೇ 58 ಮತ; 15 ಡಾಲರ್ ಕನಿಷ್ಠ ವೇತನ ಮತ್ತು ಕಾಯಿಲೆ ಬಿದ್ದಾಗ ಸಂಬಳಸಹಿತ ರಜೆ ಕೊಡಬೇಕೆಂಬ ಪ್ರಸ್ತಾವಕ್ಕೂ ಸುಮಾರು ಶೇ 58 ಮತ. ಅದೇ ವರ್ಷ ನೆಬ್ರಾಸ್ಕಾ ರಾಜ್ಯದಲ್ಲಿ ಇಂಥದೇ ರಜೆಯ ಪ್ರಸ್ತಾವವನ್ನು ಮತದಾರರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಜನ ಒಪ್ಪಿದರು. ಅದೂ ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲವೇ.

ಅಮೆರಿಕದ ಇಂದಿನ ರಾಜಕೀಯವನ್ನು ಎರಡು ಬಣಗಳ ಕಾದಾಟವೆಂದು ವರ್ಣಿಸುವುದು ವಾಡಿಕೆ. ಬಡವರು ತಮ್ಮ ಹಿತವನ್ನೇ ಮರೆತು ಧರ್ಮ, ಜನಾಂಗ, ವಲಸೆಯ ಮಾತಿಗೆ ಮರುಳಾಗಿದ್ದಾರೆ ಎಂದು ಹೇಳಿ ಮುಗಿಸುವವರೂ ಉಂಟು. ಮೇಲಿನ ಫಲಿತಾಂಶಗಳು ಈ ವಿವರಣೆಗೆ ಒಗ್ಗುವುದಿಲ್ಲ. ನೇರವಾಗಿ ಕೇಳಿದಾಗ, ಪಕ್ಷಭೇದವಿಲ್ಲದೆ, ಸಾಮಾನ್ಯ ಮತದಾರ ಆರ್ಥಿಕ ನ್ಯಾಯದ ಕಡೆಗೇ ಕೈ ಎತ್ತಿದ್ದಾನೆ. ಆದರೂ ಕೇಂದ್ರ ಸರ್ಕಾರದ ಕನಿಷ್ಠ ವೇತನ 2009ರ ಜುಲೈನಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಲೆಕ್ಕದಂತೆ, ಮೇಲಿನ ಶೇ 1ರಷ್ಟು ಕುಟುಂಬಗಳ ಕೈಯಲ್ಲಿ ದೇಶದ ಒಟ್ಟು ಸಂಪತ್ತಿನ ಸುಮಾರು ಶೇ 30 ಇದೆ. ಕೆಳಗಿನ ಅರ್ಧ ಜನರ ಪಾಲು ಶೇ 2.5ರ ಆಸುಪಾಸು. ಮತ ಎಣಿಸುವಾಗ ಎಲ್ಲರೂ ಸಮಾನರು, ಸರಿ. ಎಣಿಸಿ ಮುಗಿದ ಮೇಲೆ ಆ ಮತ ಕಾನೂನಾಗುವವರೆಗೆ ಹಾಯಬೇಕಾದ ಬಾಗಿಲುಗಳು ಹಲವು. ಆ ಬಾಗಿಲುಗಳನ್ನು ಕಟ್ಟಿದ್ದೂ ಕಾನೂನೇ. ಅವುಗಳಲ್ಲಿ ಬಹುಪಾಲು ಹಣವಂತರಿಗೆ ಸಲೀಸಾಗಿ ತೆರೆಯುತ್ತವೆ, ಉಳಿದವರಿಗೆ ತಡವರಿಸುತ್ತವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಈ ಸ್ಥಿತಿಗೆ ಚೆನ್ನಾಗಿ ಹೊಂದುತ್ತದೆ. ಅಮೆರಿಕದ ಪ್ರಜಾಪ್ರಭುತ್ವದ ಕಾಯಿಲೆ ಮತದಾರನ ತಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಬಾಗಿಲುಗಳಲ್ಲಿದೆ ಎಂಬುದು ಈ ಭಾಷಣದ ವಾದ.

ಮೊದಲ ಬಾಗಿಲು ರಾಜ್ಯಗಳ ಶಾಸನಸಭೆಗಳದು. ಮಿಸೌರಿಯ ಮತದಾರರು 2024ರ ನವೆಂಬರಿನಲ್ಲಿ ಒಪ್ಪಿದ ರಜೆಯ ಕಾನೂನು 2025ರ ಮೇ 1ರಿಂದ ಜಾರಿಗೆ ಬಂತು. ಜುಲೈನಲ್ಲಿ ಅದನ್ನು ರದ್ದು ಮಾಡುವ ಮಸೂದೆಗೆ ರಾಜ್ಯಪಾಲರ ಸಹಿ ಬಿತ್ತು. ಆಗಸ್ಟ್ ಕೊನೆಗೆ ಆ ಹಕ್ಕು ಇಲ್ಲವಾಯಿತು. ಜನರು ಒಪ್ಪಿದ್ದು ಸಂವಿಧಾನದ ತಿದ್ದುಪಡಿಯನ್ನಲ್ಲ, ಸಾಮಾನ್ಯ ಕಾನೂನನ್ನು. ಅದನ್ನು ಅಳಿಸುವ ಅಧಿಕಾರ ಶಾಸಕರಿಗೆ ಇದ್ದೇ ಇತ್ತು. ಫ್ಲೋರಿಡಾದಲ್ಲಂತೂ ಸಂವಿಧಾನದ ತಿದ್ದುಪಡಿಗೇ ಸುತ್ತುದಾರಿ ಹುಡುಕಿದರು. ಶಿಕ್ಷೆ ಮುಗಿಸಿ ಹೊರಬಂದ ಬಹುತೇಕ ಮಾಜಿ ಕೈದಿಗಳಿಗೆ ಮತದಾನದ ಹಕ್ಕು ಮರಳಿಸುವ ತಿದ್ದುಪಡಿಯನ್ನು 2018ರಲ್ಲಿ ಶೇ 64ಕ್ಕೂ ಹೆಚ್ಚು ಮತದಾರರು ಒಪ್ಪಿದ್ದರು. ಮರುವರ್ಷವೇ ಶಾಸನಸಭೆ ಒಂದು ಕಾನೂನು ಮಾಡಿತು: ದಂಡ, ಪರಿಹಾರ, ನ್ಯಾಯಾಲಯದ ಶುಲ್ಕ ಎಲ್ಲವನ್ನೂ ಚುಕ್ತಾ ಮಾಡಿದರೆ ಮಾತ್ರ ಶಿಕ್ಷೆ ಮುಗಿದಂತೆ. ಯಾರು ಎಷ್ಟು ಬಾಕಿ ಉಳಿಸಿಕೊಂಡಿದ್ದಾರೆಂದು ಖಚಿತವಾಗಿ ಹೇಳುವ ಒಂದೇ ದಾಖಲೆ ರಾಜ್ಯ ಸರ್ಕಾರದ ಬಳಿಯೂ ಇರಲಿಲ್ಲ. ಹೀಗಿದ್ದೂ ಕೇಂದ್ರದ ಮೇಲ್ಮನವಿ ನ್ಯಾಯಾಲಯ 2020ರ ಸೆಪ್ಟೆಂಬರಿನಲ್ಲಿ ಈ ಕಾನೂನನ್ನು ಎತ್ತಿಹಿಡಿಯಿತು. ಮತ ಹಾಕಲು ತೆರಿಗೆ ಕಟ್ಟಬೇಕೆಂಬ ವರ್ಜೀನಿಯಾದ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1966ರಲ್ಲಿ ತಳ್ಳಿಹಾಕಿ, ಮತದ ಯೋಗ್ಯತೆಗೂ ಹಣಕ್ಕೂ ಸಂಬಂಧವಿಲ್ಲವೆಂದು ಹೇಳಿತ್ತು. ಅರ್ಧ ಶತಮಾನ ಕಳೆದ ಮೇಲೆ ಲಕ್ಷಾಂತರ ಜನರ ಮತಕ್ಕೆ ಮತ್ತೆ ಸಾಲದ ಲೆಕ್ಕ ಅಂಟಿಕೊಂಡಿತು.

ಎರಡನೆಯ ಬಾಗಿಲು ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್. ಪ್ರತಿ ರಾಜ್ಯಕ್ಕೂ ಅಲ್ಲಿ ಇಬ್ಬರು ಸದಸ್ಯರು. 2020ರ ಜನಗಣತಿಯಂತೆ ಸುಮಾರು 3.95 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, 5.77 ಲಕ್ಷ ಜನರಿರುವ ವಯೋಮಿಂಗ್‌ಗೂ ಇಬ್ಬರು. ಇದು ಸಂವಿಧಾನದಲ್ಲೇ ಬರೆದಿಟ್ಟದ್ದು. ಸಂವಿಧಾನದಲ್ಲಿಲ್ಲದ ಇನ್ನೊಂದು ನಿಯಮವನ್ನು ಸೆನೆಟ್ ತಾನೇ ಇಟ್ಟುಕೊಂಡಿದೆ. ಫಿಲಿಬಸ್ಟರ್ ಎಂಬ ಈ ನಿಯಮದಂತೆ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ಹಾಕಲು ನೂರರಲ್ಲಿ 60 ಸದಸ್ಯರ ಒಪ್ಪಿಗೆ ಬೇಕು. ಆದರೆ ಬಜೆಟ್ಟಿಗೆ ಸಂಬಂಧಿಸಿದ ಮಸೂದೆಗಳಿಗೆ ರಿಕನ್ಸಿಲಿಯೇಷನ್ ಎಂಬ ಒಳದಾರಿ ಇದೆ; ಅಲ್ಲಿ ಬರಿಯ ಬಹುಮತ ಸಾಕು. ತೆರಿಗೆ ಕಡಿತ ಈ ಒಳದಾರಿಯಲ್ಲಿ ಸುಲಭವಾಗಿ ಹಾದುಹೋಗುತ್ತದೆ. 2001, 2003, 2017 ಮತ್ತು 2025ರ ದೊಡ್ಡ ತೆರಿಗೆ ಕಡಿತಗಳೆಲ್ಲ ಹೋದದ್ದು ಹಾಗೆಯೇ. 2025ರದ್ದು ಸೆನೆಟ್‌ನಲ್ಲಿ 50–50 ಸಮವಾಗಿ, ಉಪಾಧ್ಯಕ್ಷರ ಒಂದು ಮತದಿಂದ ಗೆದ್ದಿತು. ಕನಿಷ್ಠ ವೇತನಕ್ಕೆ ಈ ದಾರಿ ಮುಚ್ಚಿದೆ. ಬಜೆಟ್ ಮೇಲಿನ ಪರಿಣಾಮ ಮುಖ್ಯವಲ್ಲದ ವಿಷಯ ಅಲ್ಲಿ ಬರಕೂಡದೆಂದು 2021ರಲ್ಲಿ ಸೆನೆಟ್‌ನ ನಿಯಮಾಧಿಕಾರಿ ಹೇಳಿದರು. ನಿಯಮ ಬದಿಗಿಟ್ಟು ಅದನ್ನು ಸೇರಿಸುವ ಯತ್ನ 42–58ರಲ್ಲಿ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಡೆಮಾಕ್ರಟಿಕ್ ಬಣದ ಎಂಟು ಮಂದಿಯೂ ಇದ್ದರು. ಒಬ್ಬರ ತೆರಿಗೆ ಇಳಿಸಲು 50 ಸದಸ್ಯರು ಮತ್ತು ಉಪಾಧ್ಯಕ್ಷರು ಸಾಕು, ಇನ್ನೊಬ್ಬರ ಕೂಲಿ ಏರಿಸಲು 60 ಮಂದಿ ಬೇಕು. ನಿಯಮದ ಭಾಷೆ ಪಕ್ಷಪಾತವಿಲ್ಲದ್ದು. ಅದರ ಫಲದ ಬಗ್ಗೆ ಹಾಗೆ ಹೇಳಲಾಗದು. 2025ರ ಆ ಕಾನೂನಿನಿಂದ ಅತಿ ಬಡ ಶೇ 10 ಕುಟುಂಬಗಳಿಗೆ ವರ್ಷಕ್ಕೆ ಸರಾಸರಿ ಸುಮಾರು 1,200 ಡಾಲರ್ ನಷ್ಟ, ಅತಿ ಸಿರಿವಂತ ಶೇ 10 ಕುಟುಂಬಗಳಿಗೆ ಸುಮಾರು 13,600 ಡಾಲರ್ ಲಾಭ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು.

ಮೂರನೆಯ ಬಾಗಿಲು ಚುನಾವಣೆಯ ಖರ್ಚು. ಇಲ್ಲಿ ಬೀಗದ ಕೈ ಇರುವುದು ಸುಪ್ರೀಂ ಕೋರ್ಟಿನ ಬಳಿ. ವಾಟರ್‌ಗೇಟ್ ಹಗರಣದ ನಂತರ, 1974ರಲ್ಲಿ, ಅಮೆರಿಕದ ಸಂಸತ್ತು ದೇಣಿಗೆಗೂ ಖರ್ಚಿಗೂ ಮಿತಿ ಹಾಕಿತ್ತು. 1976ರ ಬಕ್ಲಿ ಪ್ರಕರಣದಲ್ಲಿ ಕೋರ್ಟು ದೇಣಿಗೆಯ ಮಿತಿಯನ್ನು ಉಳಿಸಿ ಖರ್ಚಿನ ಮಿತಿಯನ್ನು ತೆಗೆದುಹಾಕಿತು. ಹಣ ಖರ್ಚು ಮಾಡುವುದು ಮಾತಾಡುವುದರ ಭಾಗ; ಕೆಲವರ ದನಿ ಏರಿಸಲೆಂದು ಬೇರೆಯವರ ದನಿ ತಗ್ಗಿಸುವುದು ವಾಕ್ ಸ್ವಾತಂತ್ರ್ಯಕ್ಕೆ ಒಗ್ಗದ ಮಾತು ಎಂಬುದು ಅದರ ತರ್ಕ. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಈ ತರ್ಕವನ್ನು ಕಂಪನಿಗಳಿಗೂ ವಿಸ್ತರಿಸಿತು: ಅಭ್ಯರ್ಥಿಯ ಕೈಗೆ ನೇರವಾಗಿ ಕೊಡದೆ, ಸ್ವತಂತ್ರವಾಗಿ ಮಾಡುವ ಖರ್ಚಿನಿಂದ ಭ್ರಷ್ಟಾಚಾರ ಹುಟ್ಟುವುದಿಲ್ಲವೆಂದು ಐವರು ನ್ಯಾಯಮೂರ್ತಿಗಳು ತೀರ್ಮಾನಿಸಿದರು, ನಾಲ್ವರು ಒಪ್ಪಲಿಲ್ಲ. ಕೆಲವೇ ವಾರಗಳಲ್ಲಿ ವಾಷಿಂಗ್ಟನ್ನಿನ ಕೆಳಗಿನ ಕೋರ್ಟು ಇದೇ ಎಳೆ ಹಿಡಿದು, ಸ್ವತಂತ್ರ ಖರ್ಚಷ್ಟೇ ಮಾಡುವ ಸಮಿತಿಗೆ ಯಾರು ಎಷ್ಟು ಬೇಕಾದರೂ ಕೊಡಬಹುದು ಎಂದಿತು. ಸೂಪರ್ ಪ್ಯಾಕ್ ಎಂದು ಹೆಸರಾದ ಸಮಿತಿಗಳು ಹುಟ್ಟಿದ್ದು ಹೀಗೆ. 2024ರಲ್ಲಿ ಉದ್ಯಮಿ ಎಲಾನ್ ಮಸ್ಕ್ ಒಬ್ಬರೇ ಟ್ರಂಪ್ ಮತ್ತು ಅವರ ಪಕ್ಷದ ಪರವಾಗಿ 25 ಕೋಟಿ ಡಾಲರ್‌ಗೂ ಹೆಚ್ಚು ಸುರಿದರು. ಗೆಲುವಿನ ನಂತರ ಸರ್ಕಾರಿ ಖರ್ಚು ಮತ್ತು ನೌಕರರನ್ನು ಕಡಿಮೆ ಮಾಡುವ ಅಭಿಯಾನದ ಮುಂದಾಳಾಗಿ ಶ್ವೇತಭವನದೊಳಗೇ ಕೂತರು. ಟ್ರಂಪ್ ಅವರ ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಅವರ ಬೆನ್ನಿಗೂ ಸಿರಿವಂತರು ದಂಡಿಯಾಗಿದ್ದರು. ಎರಡೂ ಬದಿಗೆ ಹಣವಿದೆ ಎಂದರೆ ಸಮಾನತೆ ಬಂತು ಎಂದಲ್ಲ. ಯಾರನ್ನು ಆರಿಸಿದರೂ ಅವರ ಕಿವಿಯ ಹತ್ತಿರ ನಿಂತವರು ಒಂದೇ ವರ್ಗದವರು ಎಂದು ಮಾತ್ರ ಅದರ ಅರ್ಥ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಹಣದಿಂದ ಚುನಾವಣೆ ಗೆಲ್ಲಲಾಗದು ಎನ್ನಲು ಸಾಕ್ಷಿ ಬೇಕಾದಷ್ಟಿದೆ. 2016ರಲ್ಲಿ ಟ್ರಂಪ್ ಅವರಿಗಿಂತ ಹೆಚ್ಚು ಖರ್ಚು ಮಾಡಿದ ಹಿಲರಿ ಕ್ಲಿಂಟನ್ ಸೋತರು. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆಗಾಗಿ ಸಿರಿವಂತ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ಸುಮಾರು ನೂರು ಕೋಟಿ ಡಾಲರ್ ಚೆಲ್ಲಿ ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪ ಪ್ರದೇಶವೊಂದನ್ನೇ. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಚುನಾವಣೆಗೆ ಮಸ್ಕ್ ಮತ್ತು ಅವರ ಬೆಂಬಲಿತ ಗುಂಪುಗಳು ಎರಡು ಕೋಟಿ ಡಾಲರ್‌ಗೂ ಹೆಚ್ಚು ಹಾಕಿದರು. ಅವರ ಅಭ್ಯರ್ಥಿ ಸುಮಾರು ಶೇ 10 ಮತಗಳ ಅಂತರದಿಂದ ಸೋತರು. ಇದೆಲ್ಲ ನಿಜ. ಆದರೆ ಇವೆಲ್ಲ ಜನ ಕಣ್ಣು ನೆಟ್ಟು ನೋಡುತ್ತಿದ್ದ ಚುನಾವಣೆಗಳು. ಹಣದ ಕೆಲಸ ಚೆನ್ನಾಗಿ ನಡೆಯುವುದು ಯಾರೂ ನೋಡದ ಕಡೆ. ಒಂದು ಉದಾಹರಣೆ: ಬಂಡವಾಳ ನಿಧಿಗಳನ್ನು ನಡೆಸುವವರು ತಮ್ಮ ದುಡಿಮೆಗೆ ಪಡೆಯುವ ಲಾಭದ ಪಾಲನ್ನು ಸಂಬಳವೆಂದು ಎಣಿಸದೆ ಬಂಡವಾಳದ ಲಾಭವೆಂದು ಎಣಿಸಲು ಅಮೆರಿಕದ ತೆರಿಗೆ ಕಾನೂನು ಬಿಡುತ್ತದೆ. ಸಂಬಳದ ಮೇಲಿನ ಗರಿಷ್ಠ ತೆರಿಗೆ ಶೇ 37, ದೀರ್ಘಾವಧಿ ಬಂಡವಾಳ ಲಾಭದ ಮೇಲೆ ಶೇ 20. ಕ್ಯಾರೀಡ್ ಇಂಟರೆಸ್ಟ್ ಎಂದು ಕರೆಯುವ ಈ ಸವಲತ್ತನ್ನು ತೆಗೆಯಬೇಕೆಂದು ಒಬಾಮಾ ಹೇಳಿದರು, ಟ್ರಂಪ್ ಹೇಳಿದರು, ಬೈಡನ್ ಹೇಳಿದರು. 2017ರ ಕಾನೂನು ಅದಕ್ಕೆ ಒಂದಿಷ್ಟು ಕಾಲಮಿತಿ ಹಾಕಿ ಉಳಿಸಿತು. 2022ರಲ್ಲಿ ಅದನ್ನು ಬಿಗಿಗೊಳಿಸುವ ಕಲಮು ಒಂದು ಮಸೂದೆಯಲ್ಲಿತ್ತು. ಅರಿಜೋನಾದ ಸೆನೆಟರ್ ಕಿರ್ಸ್ಟನ್ ಸಿನೆಮಾ ಅವರ ಪಟ್ಟಿನಿಂದ ಆ ಕಲಮು ಬಿದ್ದುಹೋಯಿತು. 2025ರ ಕಾನೂನೂ ಅದನ್ನು ಮುಟ್ಟಲಿಲ್ಲ. ಎರಡು ಪಕ್ಷಗಳ ಮೂವರು ಅಧ್ಯಕ್ಷರು ಬೇಡವೆಂದ ಸವಲತ್ತು ಇಂದಿಗೂ ಉಳಿದಿದೆ. ಇದಕ್ಕಾಗಿ ಯಾರೂ ಯಾವ ಚುನಾವಣೆಯನ್ನೂ ಗೆಲ್ಲಬೇಕಾಗಿರಲಿಲ್ಲ.

ಎರಡನೆಯ ಆಕ್ಷೇಪ ವಾಕ್ ಸ್ವಾತಂತ್ರ್ಯದ್ದು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಯಾರು ಎಷ್ಟು ಮಾತಾಡಬಹುದೆಂದು ನಿಗದಿ ಮಾಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕರೆ, ಕುರ್ಚಿಯಲ್ಲಿರುವವರು ಅದನ್ನು ಟೀಕಾಕಾರರ ಮೇಲೆ ಬಳಸದೆ ಬಿಡುವುದಿಲ್ಲ. ಸಿಟಿಜನ್ಸ್ ಯುನೈಟೆಡ್ ಪ್ರಕರಣ ಮೊದಲು ವಿಚಾರಣೆಗೆ ಬಂದಾಗ, ಈ ತರ್ಕದಿಂದ ಪುಸ್ತಕದ ಪ್ರಕಟಣೆಯನ್ನೂ ತಡೆಯಬಹುದೇ ಎಂದು ನ್ಯಾಯಮೂರ್ತಿಗಳು ಕೇಳಿದ್ದರು. ಕಂಪನಿಯ ಹಣದಲ್ಲಿ ಅಚ್ಚಾಗುವ ಪ್ರಚಾರದ ಪುಸ್ತಕವಾದರೆ ತಡೆಯಬಹುದು ಎಂಬ ಅರ್ಥದ ಉತ್ತರ ಸರ್ಕಾರದ ವಕೀಲರ ಬಾಯಿಂದ ಬಂತು. ಆ ಉತ್ತರ ಯಾರನ್ನಾದರೂ ಬೆಚ್ಚಿಸಬೇಕು. ಹಾಗಾದರೆ ದೊಡ್ಡ ದನಿ ತಗ್ಗಿಸುವ ಬದಲು ಸಣ್ಣ ದನಿಯನ್ನು ಏರಿಸೋಣ ಎಂಬ ದಾರಿಯಾದರೂ ಇರಬೇಕಲ್ಲ. ಅರಿಜೋನಾದ ಜನರು 1998ರಲ್ಲಿ ಅದನ್ನೇ ಮಾಡಿದ್ದರು. ಖಾಸಗಿ ಹಣ ಬೇಡವೆಂದ ಅಭ್ಯರ್ಥಿಗೆ ಸರ್ಕಾರದ ನಿಧಿ. ಎದುರಾಳಿ ಹೆಚ್ಚು ಖರ್ಚು ಮಾಡಿದರೆ ಇವರಿಗೂ ಒಂದು ಮಿತಿಯವರೆಗೆ ಹೆಚ್ಚುವರಿ ಹಣ. ಅಲ್ಲಿ ಯಾರ ಬಾಯಿಗೂ ಬೀಗವಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು, ಮತ್ತೆ ಐದು–ನಾಲ್ಕರ ಅಂತರದಲ್ಲಿ, ಆ ಹೆಚ್ಚುವರಿ ಹಣದ ವ್ಯವಸ್ಥೆಯನ್ನೂ ಹೊಡೆದುಹಾಕಿತು; ಎದುರಾಳಿಗೆ ಉತ್ತರಿಸಲು ಹಣ ಸಿಗುತ್ತದೆಂಬ ಭಯವೇ ಖರ್ಚು ಮಾಡುವವನ ಸ್ವಾತಂತ್ರ್ಯಕ್ಕೆ ಹೊರೆ ಎಂದಿತು. ಇಲ್ಲಿಗೆ ಬರುವಷ್ಟರಲ್ಲಿ ಆ ತರ್ಕ ಮಾತನಾಡುವ ಹಕ್ಕನ್ನು ದಾಟಿ, ಪ್ರತ್ಯುತ್ತರವಿಲ್ಲದೆ ಮಾತನಾಡುವ ಹಕ್ಕನ್ನು ಕಾಯಲು ಹೊರಟಿತ್ತು. ಬೇರೆ ದಾರಿಯೇ ಇಲ್ಲವೆಂದೂ ಅಲ್ಲ. 2024ರ ಫೆಬ್ರವರಿ 15ರಂದು ನಮ್ಮ ಭಾರತದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಚುನಾವಣಾ ಬಾಂಡ್ ಯೋಜನೆಯನ್ನು ಒಮ್ಮತದಿಂದ ರದ್ದುಪಡಿಸಿತು. ಜೊತೆಗೆ ಕಂಪನಿಗಳು ಮಿತಿಯಿಲ್ಲದೆ ದೇಣಿಗೆ ಕೊಡಲು ಬಿಟ್ಟಿದ್ದ ತಿದ್ದುಪಡಿಯನ್ನೂ ತೆಗೆದುಹಾಕಿತು. ಆರ್ಥಿಕ ಅಸಮಾನತೆ ರಾಜಕೀಯ ಅಸಮಾನತೆಯಾಗಿ ಬೆಳೆಯುತ್ತದೆಂಬುದನ್ನು ಆ ತೀರ್ಪು ಒಪ್ಪಿಕೊಂಡಿತು. ಒಂದು ತೀರ್ಪಿನಿಂದ ನಮ್ಮ ಚುನಾವಣೆಗಳು ಮಡಿಯಾಗಿಬಿಡಲಿಲ್ಲ. ಆದರೂ ವಾಕ್ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕೆಂದು ನಂಬಿದ ಸಂವಿಧಾನದ ಕೆಳಗೇ ಬೇರೆ ತೀರ್ಮಾನ ಸಾಧ್ಯವೆಂದು ಅದು ತೋರಿಸಿತು.

ಮೂರನೆಯ ಆಕ್ಷೇಪ ಸಮಾಜವಿಜ್ಞಾನಿಗಳದು. ಮಾರ್ಟಿನ್ ಗಿಲೆನ್ಸ್ ಮತ್ತು ಬೆಂಜಮಿನ್ ಪೇಜ್ ಎಂಬ ವಿದ್ವಾಂಸರು 1981ರಿಂದ 2002ರವರೆಗಿನ 1,779 ನೀತಿ ಪ್ರಶ್ನೆಗಳನ್ನು ಪರಿಶೀಲಿಸಿ, 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಿರಿವಂತರ ಹಾಗೂ ಸಂಘಟಿತ ಹಿತಾಸಕ್ತಿಗಳ ಒಲವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಸರಾಸರಿ ನಾಗರಿಕನ ಒಲವಿಗೆ ನೀತಿಯ ಮೇಲೆ ಹೆಚ್ಚುಕಡಿಮೆ ಪ್ರಭಾವವೇ ಉಳಿಯುವುದಿಲ್ಲ ಎಂಬುದು ಅವರು ಕಂಡದ್ದು. ಬೇರೆ ಸಂಶೋಧಕರು ಅದೇ ಅಂಕಿಅಂಶಗಳನ್ನು ಮತ್ತೆ ಜಾಲಾಡಿ, ಮಧ್ಯಮ ವರ್ಗದವರೂ ಸಿರಿವಂತರೂ ಹತ್ತರಲ್ಲಿ ಒಂಬತ್ತು ವಿಷಯಗಳಲ್ಲಿ ಒಂದೇ ಅಭಿಪ್ರಾಯದವರು, ಆದ್ದರಿಂದ ಗಾಬರಿ ಬೇಡ ಎಂದರು. ಟೀಕೆ ನ್ಯಾಯವಾದದ್ದೇ, ಮೂಲ ಪ್ರಬಂಧದ ಮಾತು ಸ್ವಲ್ಪ ಹೆಚ್ಚೇ ಬಿರುಸಾಗಿತ್ತು. ಆದರೆ ಒಪ್ಪಿಗೆಯಿರುವ ಒಂಬತ್ತು ವಿಷಯಗಳಲ್ಲಿ ಯಾರ ಮಾತು ನಡೆಯಿತೆಂದು ತಿಳಿಯುವ ಬಗೆಯಿಲ್ಲ. ಅಧಿಕಾರ ಯಾರದೆಂದು ಗೊತ್ತಾಗುವುದು ಜಗಳ ಬಂದ ಹತ್ತನೆಯದರಲ್ಲಿ. ಕೂಲಿ, ತೆರಿಗೆ, ಆರೋಗ್ಯದ ಖರ್ಚು ಮುಂತಾದ ಹೊಟ್ಟೆಬಟ್ಟೆಯ ಪ್ರಶ್ನೆಗಳಲ್ಲಿ ಕೆಲವು ಇರುವುದು ಅಲ್ಲೇ. ಇನ್ನು, ಇಂಥ ಶಾಸಕರನ್ನು ಆರಿಸಿದವರು ಅದೇ ಮತದಾರರಲ್ಲವೇ ಎಂಬ ಮಾತೂ ಇದೆ. ಹೌದು, ಅವರೇ. ಆದರೆ ಶಾಸಕನನ್ನು ಆರಿಸುವಾಗ ಮತದಾರನಿಗೆ ಸಿಗುವುದು ಒಂದು ಕಟ್ಟು: ವಲಸೆ, ಗರ್ಭಪಾತ, ಬಂದೂಕು, ತೆರಿಗೆ ಎಲ್ಲ ಸೇರಿದ್ದು. ಅದರಲ್ಲಿ ಒಂದನ್ನು ಮೆಚ್ಚಿ ಆರಿಸಿದರೆ ಉಳಿದದ್ದೂ ಜೊತೆಗೆ ಬರುತ್ತದೆ. ಜನಮತಗಣನೆ ಆ ಕಟ್ಟನ್ನು ಬಿಚ್ಚಿ ಒಂದೊಂದನ್ನೇ ಕೇಳುತ್ತದೆ. ಎರಡು ಉತ್ತರಗಳು ಬೇರೆಬೇರೆಯಾಗಿ ಕಾಣುವುದು ಇದರಿಂದ.

ಕೊನೆಯ ಆಕ್ಷೇಪ ಅಮೆರಿಕದಷ್ಟೇ ಹಳೆಯದು. ಅದು ಗಣರಾಜ್ಯ, ಜನರ ಕ್ಷಣಿಕ ಆವೇಶಕ್ಕೆ ಕಡಿವಾಣ ಹಾಕಲೆಂದೇ ಸಂವಿಧಾನ ಬರೆದದ್ದು ಎಂಬ ಮಾತದು. ಸಂವಿಧಾನದ ಶಿಲ್ಪಿಗಳಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ 1787ರಲ್ಲೇ ಬರೆದಂತೆ, ಬಣಗಳು ಹುಟ್ಟಲು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಆಸ್ತಿಯ ಅಸಮಾನ ಹಂಚಿಕೆ. ಸಾಲ ಮನ್ನಾ ಮಾಡಿ, ಆಸ್ತಿಯನ್ನು ಸಮನಾಗಿ ಹಂಚಿ ಎಂಬ ಕೂಗು ಅವರನ್ನು ಕಳವಳಗೊಳಿಸಿತ್ತು. ಬಹುಮತಕ್ಕೆ ಕಡಿವಾಣ ಬೇಕೆಂಬುದನ್ನು ಯಾವ ಪ್ರಜಾಪ್ರಭುತ್ವವೂ ಅಲ್ಲಗಳೆಯಲಾರದು. ಅಲ್ಪಸಂಖ್ಯಾತರ ಹಕ್ಕು ಉಳಿಯುವುದು ಅದರಿಂದಲೇ. ಆದರೆ ಕಡಿವಾಣ ಎರಡೂ ಕಡೆಗೆ ಒಂದೇ ಬಿಗಿಯಲ್ಲಿರಬೇಕು. ಕೂಲಿ ಏರಿಕೆಗೆ ತಡೆಯಾಗಿ, ತೆರಿಗೆ ಕಡಿತಕ್ಕೆ ಸಡಿಲವಾಗಿ ನಡೆಯುವ ವ್ಯವಸ್ಥೆಯನ್ನು ವಿವೇಕದ ಕಡಿವಾಣ ಎನ್ನುವುದು ಕಷ್ಟ. ಅದೂ ಅಲ್ಲದೆ ಮ್ಯಾಡಿಸನ್ ಕಾಲದ ಭಯ ಬಡ ಬಹುಮತದ್ದು. ಇವತ್ತು ರಾಜ್ಯದ ಬೊಕ್ಕಸವನ್ನು ತನ್ನ ಕಡೆ ವಾಲಿಸಿಕೊಳ್ಳಬಲ್ಲ ಬಣ ಸಂಖ್ಯೆಯಲ್ಲಿ ಚಿಕ್ಕದು, ಸಂಪತ್ತಿನಲ್ಲಿ ದೊಡ್ಡದು.

ಅಸಮಾನತೆ ಮಾರುಕಟ್ಟೆಯ ಸಹಜ ಫಲ, ಕಾನೂನಿನಿಂದ ಏನೂ ಆಗದು ಎನ್ನುವವರಿಗೆ ಅಮೆರಿಕದ ಇತ್ತೀಚಿನ ಇತಿಹಾಸದಲ್ಲೇ ಉತ್ತರವಿದೆ. 2021ರಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಕೊಡುವ ತೆರಿಗೆ ನೆರವನ್ನು ಒಂದು ವರ್ಷದ ಮಟ್ಟಿಗೆ ಹೆಚ್ಚಿಸಿ, ಆದಾಯವೇ ಇಲ್ಲದವರಿಗೂ ಪೂರ್ತಿಯಾಗಿ ಕೊಟ್ಟರು. ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಜನಗಣತಿ ಇಲಾಖೆಯ ಅಳತೆಯಂತೆ, ಆ ವರ್ಷ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. 50–50ರ ಸೆನೆಟ್‌ನಲ್ಲಿ ಆಗ ಡೆಮಾಕ್ರಟಿಕ್ ಪಕ್ಷದವರೇ ಆಗಿದ್ದ ವೆಸ್ಟ್ ವರ್ಜೀನಿಯಾದ ಜೋ ಮಾಂಚಿನ್ ಒಪ್ಪದ್ದರಿಂದ ಆ ಹೆಚ್ಚಳ ಮುಂದುವರಿಯಲಿಲ್ಲ. 2022ರಲ್ಲಿ ಅದೇ ಪ್ರಮಾಣ ಶೇ 12.4ಕ್ಕೆ ಏರಿತು. ಮಾರುಕಟ್ಟೆ ಒಂದು ವರ್ಷದಲ್ಲಿ ಹಾಗೆ ತಿರುವುಮುರುವಾಗಿರಲಿಲ್ಲ. ಬದಲಾದದ್ದರಲ್ಲಿ ದೊಡ್ಡದು ಕಾನೂನು.

ಆದ್ದರಿಂದ ದುರಸ್ತಿಯೂ ಕಾನೂನಿನಲ್ಲೇ ಆಗಬೇಕು. ಸಂವಿಧಾನ ತಿದ್ದಲು ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಮತ್ತು 38 ರಾಜ್ಯಗಳ ಒಪ್ಪಿಗೆ ಬೇಕು. ಸದ್ಯದ ಸ್ಥಿತಿಯಲ್ಲಿ ಅದು ದೂರದ ಮಾತು. ಹತ್ತಿರದ ದಾರಿಗಳು ನಗರಗಳಲ್ಲಿ, ರಾಜ್ಯಗಳಲ್ಲಿ ಕಾಣುತ್ತಿವೆ. ಸಿಯಾಟಲ್ ನಗರ 2017ರಿಂದ ಪ್ರತಿ ಮತದಾರನಿಗೂ 25 ಡಾಲರ್‌ನ ನಾಲ್ಕು ಚೀಟಿ ಕೊಡುತ್ತಿದೆ. ತನಗೆ ಬೇಕಾದ ಅಭ್ಯರ್ಥಿಗೆ ಅದನ್ನು ದೇಣಿಗೆಯಾಗಿ ಕೊಡಬಹುದು. ಇದನ್ನು ರಾಜ್ಯದ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಮೇನ್ ರಾಜ್ಯದಲ್ಲಿ 2024ರಲ್ಲಿ ಸುಮಾರು ಮುಕ್ಕಾಲು ಪಾಲು ಮತದಾರರು, ಸೂಪರ್ ಪ್ಯಾಕ್‌ಗಳಿಗೆ ಯಾರೂ ವರ್ಷಕ್ಕೆ 5,000 ಡಾಲರ್‌ಗಿಂತ ಹೆಚ್ಚು ಕೊಡಬಾರದೆಂದು ಕಾನೂನು ಮಾಡಿದರು. ಮರುವರ್ಷ ಕೇಂದ್ರದ ಕೆಳ ನ್ಯಾಯಾಲಯ ಅದನ್ನು ತಡೆಹಿಡಿಯಿತು. ಜನರ ಮತ ಮತ್ತೊಮ್ಮೆ ಬಾಗಿಲಲ್ಲಿ ನಿಂತಿತು. ಆದರೆ ಗಮನಿಸಬೇಕಾದ ಒಂದು ವಿಷಯವಿದೆ. ದೇಣಿಗೆಗೆ ಮಿತಿ ಹಾಕಬಹುದೆಂದು 1976ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟೇ. ಸೂಪರ್ ಪ್ಯಾಕ್‌ಗಳ ದೇಣಿಗೆಯ ಪ್ರಶ್ನೆಯನ್ನು ಅದು ಇದುವರೆಗೆ ತಾನೇ ನೇರವಾಗಿ ತೀರ್ಮಾನಿಸಿಲ್ಲ. ಸಿಟಿಜನ್ಸ್ ಯುನೈಟೆಡ್ ತೀರ್ಪನ್ನು ಮುಟ್ಟದೆಯೇ ಮೇನ್ ಕಾನೂನನ್ನು ಉಳಿಸಲು ಅದಕ್ಕೆ ಅವಕಾಶವಿದೆ. ಅಮೆರಿಕದಲ್ಲಿ ಮುಂದಿನ ಅಧ್ಯಕ್ಷರು ಯಾರು ಎಂಬ ಪ್ರಶ್ನೆಗೆ ಜಗತ್ತು ಕೊಡುವ ಗಮನದಲ್ಲಿ ಒಂದು ಪಾಲನ್ನಾದರೂ ಇಂಥ ಮೊಕದ್ದಮೆಗಳಿಗೆ, ಸೆನೆಟ್‌ನ ಒಳನಿಯಮಗಳಿಗೆ, ಜನಮತವನ್ನು ಅಳಿಸುವ ಶಾಸನಸಭೆಗಳಿಗೆ ಕೊಡುವುದು ಒಳ್ಳೆಯದು. ಫ್ಲೋರಿಡಾ, ಮಿಸೌರಿ, ಮೇನ್‌ಗಳ ಮತದಾರರು ತಮ್ಮ ಪಾಲಿನ ಕೆಲಸವನ್ನು ಮುಗಿಸಿದ್ದಾರೆ. ಉಳಿದಿರುವುದು ಶಾಸಕರ ಮತ್ತು ನ್ಯಾಯಾಧೀಶರ ಪಾಲು. ಲೆಕ್ಕ ಕೇಳಬೇಕಾದ್ದು ಅವರನ್ನು.